ಮಧ್ಯೆ ತುಂಡಾಗದ ಸಾಲು

"ಸಾರ್, ಎಲ್ಲಾ ಒಂದೇ ಥರ ಕಾಣ್ತಿದೆ." ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರಾವಣದಿಂದ ತೆಗೆದ ಮಿದುಳನ್ನು ಮೊದಲ ಸಲ ಕೈಗೆ ಕೊಟ್ಟಾಗ ಮಕ್ಕಳು ಹೇಳುವ ಮಾತು ಇದೇ. ಕೋಲಾರದಲ್ಲಿ ಅನಾಟಮಿ ಪಾಠ ಮಾಡುವ ನಾನು ಇದನ್ನು ಪ್ರತಿ ವರ್ಷ ಕೇಳುತ್ತೇನೆ. ದೇಹದಾನ ಮಾಡಿದ ಪುಣ್ಯಾತ್ಮರೊಬ್ಬರ ಮಿದುಳು ಅದು, ಎರಡೂ ಕೈಯಲ್ಲಿ ಹಿಡಿಯಿರಿ ಅನ್ನುತ್ತೇನೆ. ಸುಮಾರು 1.3 ಕೆ.ಜಿ. ತೂಕ, ಮೇಲೆಲ್ಲ ಸುಕ್ಕು. ಎಲ್ಲಿಂದ ಶುರು ಮಾಡುವುದು?

ಹೋದ ವರ್ಷ ಹಾಗೆ ಕೇಳಿದವಳು ಶ್ರೀನಿವಾಸಪುರದ ಕಡೆಯ ಹುಡುಗಿ. ಮನೆಯಲ್ಲಿ ರಾಗಿ ಬೆಳೆಯುತ್ತಾರೆ. "ಉತ್ತ ಹೊಲ ನೋಡಿದ್ದೀಯಲ್ಲಮ್ಮ? ಲ್ಯಾಟಿನ್‌ನಲ್ಲಿ ಸಲ್ಕಸ್ ಅಂದರೆ ನೇಗಿಲ ಸಾಲು" ಅಂದೆ. ಅವಳ ಮುಖ ಅರಳಿತು. ತಗ್ಗು ಸಲ್ಕಸ್, ಎರಡು ತಗ್ಗುಗಳ ನಡುವಿನ ದಿಂಡು ಜೈರಸ್. ತುಂಬಾ ಆಳದ ಸೀಳಿಗೆ ಫಿಶರ್ ಅನ್ನುತ್ತಾರೆ. ಇದೇನು ಕಟ್ಟುನಿಟ್ಟಿನ ಲೆಕ್ಕವಲ್ಲ, ಒಂದೇ ಸೀಳಿಗೆ ಎರಡೂ ಹೆಸರು ಇರುವುದುಂಟು.

ಮೊದಲು ಮೇಲಿನ ತೆಳು ಪೊರೆಯನ್ನು, ರಕ್ತನಾಳಗಳ ಸಮೇತ, ನಿಧಾನವಾಗಿ ಬಿಡಿಸಬೇಕು. ಅದಿದ್ದರೆ ಸಾಲುಗಳ ಮೇಲೆ ಬಟ್ಟೆ ಹೊದಿಸಿದ ಹಾಗೆ. ಎಡ ಬಲ ಎರಡು ಹೋಳು ಮಾಡುವ ಉದ್ದ ಫಿಶರ್ ಯಾರಿಗಾದರೂ ಕಾಣುತ್ತದೆ. ಪಕ್ಕದಲ್ಲಿ ಮುಂದಿನಿಂದ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಹೋಗುವ ಆಳವಾದ ಸೀಳು ಸಿಲ್ವಿಯಸ್ ಫಿಶರ್. ಅದರ ತುಟಿಗಳನ್ನು ಬಿಡಿಸಿದರೆ ಒಳಗೆ ಅಡಗಿದ ಇನ್ಸುಲಾ ಅನ್ನುವ ಮಿದುಳಿನ ಭಾಗ ಸಿಗುತ್ತದೆ.

ಎಲ್ಲರೂ ಎಡವುವುದು ಸೆಂಟ್ರಲ್ ಸಲ್ಕಸ್ ಹುಡುಕುವಾಗ. ಮೇಲಂಚಿನ ನಡುಭಾಗಕ್ಕಿಂತ ತುಸು ಹಿಂದೆ ಹೊರಟು, ಅದು ಕೆಳಕ್ಕೂ ಮುಂದಕ್ಕೂ ಇಳಿಯುತ್ತದೆ. ಸಿಲ್ವಿಯಸ್ ಹತ್ತಿರ ಬಂದರೂ ಸಾಮಾನ್ಯವಾಗಿ ಅದಕ್ಕೆ ಸೇರುವುದಿಲ್ಲ. ಅದರ ಎರಡೂ ಬದಿಗೆ ಒಂದೊಂದು ದಿಂಡು ಜೊತೆಜೊತೆಗೇ ಸಾಗುತ್ತದೆ. ಗಟ್ಟಿ ಗುರುತು ಅಂದರೆ, ಅದು ಸಾಮಾನ್ಯವಾಗಿ ಮಧ್ಯೆ ತುಂಡಾಗುವುದಿಲ್ಲ.

ಅವಳ ಕೈಗೆ ಒದ್ದೆ ದಾರ ಕೊಟ್ಟೆ. ತಗ್ಗಿನೊಳಗೆ ಇಡುತ್ತಾ ಹೋದಳು. ಅರ್ಧ ದಾರಿಯಲ್ಲಿ ದಿಂಡೊಂದು ಅಡ್ಡ ಬಂತು. "ಸಾರ್, ಸಾಲು ನಿಂತುಹೋಯ್ತು." ಅವಳು ಹಿಡಿದಿದ್ದು ಅದರ ಮುಂದಿನ ಪ್ರೀಸೆಂಟ್ರಲ್ ಸಲ್ಕಸ್. ಒಂದು ದಿಂಡು ಹಿಂದಕ್ಕೆ ಬಂದು ಮತ್ತೆ ಇಟ್ಟಳು. ಈ ಸಲ ದಾರ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಮೇಲೇಳದೆ ಕೂತಿತು. ಎರಡು ಹೋಳು ಬಿಡಿಸಿ ಒಳಮೈ ನೋಡಿದೆವು. ಸಾಲಿನ ತುದಿ ಅಂಚು ದಾಟಿ ಅಲ್ಲಿಗೂ ಇಣುಕಿತ್ತು.

ಒಂದು ದಿಂಡಿನ ತಪ್ಪು ಸಣ್ಣದಲ್ಲ. ಸೆಂಟ್ರಲ್ ಸಲ್ಕಸ್‌ನ ಮುಂದಿನ ದಿಂಡು ದೇಹದ ಎದುರು ಬದಿಯ ಕೈಕಾಲು ಆಡಿಸುತ್ತದೆ. ಹಿಂದಿನದು ಆ ಬದಿಯ ಸ್ಪರ್ಶ ತಿಳಿಯುತ್ತದೆ. ಗಡ್ಡೆ ತೆಗೆಯುವ ಸರ್ಜನ್‌ಗೆ ಇದು ರೋಗಿಯ ಕೈ ಉಳಿಯುವ ಪ್ರಶ್ನೆ. ಎಂಆರ್‌ಐಯಲ್ಲಿ ಮುಂದಿನ ದಿಂಡಿನ ಒಂದು ಕಡೆ ಹಿಂದಕ್ಕೆ ಗುಬುಟಿನ ಹಾಗೆ ಉಬ್ಬಿರುತ್ತದೆ. ಅದು ಕೈಯ ಜಾಗ, ಒಳ್ಳೆಯ ಗುರುತು.

ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಮೊದಲಿಗೆ ನುಣುಪು. ಸೆಂಟ್ರಲ್ ಸಲ್ಕಸ್ ಮೂಡುವುದು ಸುಮಾರು 20ನೇ ವಾರದಲ್ಲಿ. ಮಡಿಕೆ ಬೀಳುತ್ತಾ, ದೊಡ್ಡವರಾಗುವಷ್ಟರಲ್ಲಿ ಹೊರಪದರದ ಮೂರನೇ ಎರಡು ಪಾಲು ಸಾಲುಗಳ ಒಳಗೇ ಇರುತ್ತದೆ. ಎಷ್ಟು ಜಾಸ್ತಿ ಅಲ್ವಾ?

ಎಡ ಹೋಳು ಮುಗಿಸಿ ಹುಡುಗಿ ಬಲ ಹೋಳನ್ನು ತಿರುಗಿಸಿದಳು. ಅದೇ ತಲೆಯದು, ಆದರೂ ಸಾಲುಗಳ ಬಳುಕು ಬೇರೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ದಾರವನ್ನು ಮತ್ತೆ ನೀರಲ್ಲಿ ಅದ್ದಿದಳು.