ದಿಮ್ಮಿಯ ಬಾಲ ನೆಲದ ಮೇಲೇ ಇರಲಿ

ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಮೇಲ್ತುದಿಯಲ್ಲಿದ್ದ ಹಲಸಿನ ಮರ ಗಾಳಿಗೆ ಬಿತ್ತು. ಕುಯ್ದು ತುಂಡು ಮಾಡಿದ್ದೇನೋ ಆಯಿತು. ಮನೆಗೆ ತರೋದು ಹೇಗೆ? ಅಡಿಕೆ ಸಾಲಿನ ನಡುವೆ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಹತ್ತು ಅಡಿ ಉದ್ದ, ಒಂದು ಅಡಿ ದಪ್ಪದ ದಿಮ್ಮಿ ಅಂದರೆ ಸುಮಾರು ಎಂಟು ಘನ ಅಡಿ. ಹಸಿ ಮರ ನೀರಿಗಿಂತ ಸ್ವಲ್ಪ ಹಗುರ ಅಂದುಕೊಂಡರೆ ಹತ್ತಿರಹತ್ತಿರ 200 ಕೆಜಿ.

ಹಗ್ಗ ಕಟ್ಟಿ ನೆಲದ ಮೇಲೆ ಎಳೆದರೆ ಘರ್ಷಣೆ ಅಡ್ಡ ಬರುತ್ತದೆ. ಮಣ್ಣಿನ ಮೇಲೆ ಮರ ಜಾರಿಸೋಕೆ ಅದರ ತೂಕದ ಅರ್ಧದಷ್ಟಾದರೂ ಬಲ ಬೇಕು ಅಂತ ಇಟ್ಟುಕೊಳ್ಳಿ. ಅಂದರೆ 100 ಕೆಜಿ ಜಗ್ಗಾಟ. ಲೆಕ್ಕದಲ್ಲಿ ಮಾತ್ರ ಹಾಗೆ. ನಿಜಕ್ಕೂ ಎಳೆಯುವಾಗ ದಿಮ್ಮಿಯ ಮೂತಿ ನೇಗಿಲಿನ ಹಾಗೆ ನೆಲ ಉಳುತ್ತಾ ಹೋಗುತ್ತದೆ. ಒಂದು ಬೇರು ಸಿಕ್ಕಿತೋ, ಮುಗಿಯಿತು. ಮೂತಿಯನ್ನು ಒಂದು ಗೇಣು ಎತ್ತಿಬಿಟ್ಟರೆ ಈ ಉಳುಮೆ ತಪ್ಪುತ್ತದೆ.

ಎತ್ತುವುದಕ್ಕೆ ಹಳೆಯ ಉಪಾಯವೊಂದಿದೆ. ಅಮೆರಿಕದ ಮಿಷಿಗನ್‌ನಲ್ಲಿ 1870ರ ದಶಕದಲ್ಲಿ ಸೈಲಸ್ ಓವರ್‌ಪ್ಯಾಕ್ ಎಂಬ ಗಾಡಿ ಮಾಡುವವನು ಮನುಷ್ಯನಿಗಿಂತ ಎತ್ತರದ ಚಕ್ರಗಳ ಜೋಡಿ ಮಾಡಿ ಮರ ಕಡಿಯುವವರಿಗೆ ಮಾರತೊಡಗಿದ. ಕೆಲವು ಚಕ್ರ ಹತ್ತು ಅಡಿ ಎತ್ತರ ಇದ್ದವು. ಅಲ್ಲಿ ಚಳಿಗಾಲದಲ್ಲಿ ಹಿಮದ ಮೇಲೆ ಜಾರುಬಂಡಿಯಲ್ಲಿ ದಿಮ್ಮಿ ಸಾಗಿಸುತ್ತಿದ್ದರು. ಹಿಮ ಇಲ್ಲದ ತಿಂಗಳುಗಳಲ್ಲೂ ಕೆಲಸ ನಡೆಯಲಿ ಎಂದರೆ ಚಕ್ರವೇ ಗತಿ.

ನಮಗೆ ಬೇಕಾದದ್ದು ಅದರ ಮರಿ. ಎರಡು ಚಕ್ರ, ಅವುಗಳ ನಡುವೆ ಕಮಾನಿನ ಹಾಗೆ ಮೇಲಕ್ಕೆ ಬಾಗಿದ ಕಬ್ಬಿಣದ ಪೈಪು, ಕಮಾನಿನ ನೆತ್ತಿಯಲ್ಲಿ ಒಂದು ಕೊಕ್ಕೆ, ಮುಂದಕ್ಕೆ ಉದ್ದನೆಯ ಮೂಕಿ. ಮೂಕಿಯನ್ನು ಆಕಾಶಕ್ಕೆ ಎತ್ತಿದರೆ ಕಮಾನು ಹಿಂದಕ್ಕೆ ಮಲಗಿ ಕೊಕ್ಕೆ ಕೆಳಗಿಳಿಯುತ್ತದೆ. ದಿಮ್ಮಿಗೆ ಸರಪಳಿ ಸುತ್ತಿ ಸಿಕ್ಕಿಸಿ, ಮೂಕಿಯನ್ನು ಕೆಳಕ್ಕೆ ಎಳೆದರೆ ದಿಮ್ಮಿ ಮೇಲೇಳುತ್ತದೆ. ಹಾರೆ ಹಾಕಿ ಮೀಟಿದ ಹಾಗೇ. ಮೂಕಿ ಆರು ಅಡಿ, ಕಮಾನು ಒಂದು ಅಡಿ ಇದ್ದರೆ ಆರರಲ್ಲಿ ಒಂದು ಪಾಲು ಬಲ ಸಾಕು. ಮೂಕಿ ಪೂರ್ತಿ ಕೆಳಗೆ ಬಂದಾಗ ಕೊಕ್ಕೆ ನೇರ ಅಚ್ಚಿನ ಮೇಲೆ ನಿಲ್ಲುತ್ತದೆ. ಆಮೇಲೆ ಭಾರ ಕೈಯನ್ನು ಜಗ್ಗುವುದಿಲ್ಲ.

ಚಕ್ರದ ವಿಷಯದಲ್ಲಿ ನಾನು ಎಡವಿದೆ. ಗುಜರಿಯಿಂದ ಹಳೇ ಬೈಕಿನ ಎರಡು ಚಕ್ರ ತಂದೆ. ಎತ್ತರ ಇದ್ದವು, ಅಗ್ಗಕ್ಕೂ ಸಿಕ್ಕವು. ಎರಡನೇ ದಿಮ್ಮಿಗೇ ಒಂದು ಚಕ್ರ ಹಪ್ಪಳವಾಯಿತು. ಯೋಚಿಸಿದರೆ ಕಾರಣ ಸುಲಭ. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಭಾರ ಯಾವಾಗಲೂ ಚಕ್ರದ ನೇರಕ್ಕೇ ಬೀಳುತ್ತದೆ. ಗಾಡಿ ವಾಲುವುದಿಲ್ಲ. ತಿರುಗಿಸಿದಾಗಲೂ ಓರೆ ನೆಲದಲ್ಲೂ ಚಕ್ರಕ್ಕೆ ಪಕ್ಕದಿಂದ ಒತ್ತಡ ಬೀಳುತ್ತದೆ. ಅಂಥ ಒತ್ತಡಕ್ಕೆ ತಂತಿ ಕಡ್ಡಿಗಳು ತಾಳುವುದಿಲ್ಲ. ಇನ್ನೊಂದು, ಬೈಕಿನಲ್ಲಿ ಅಚ್ಚಿಗೆ ಎರಡೂ ಕಡೆ ಆಸರೆ ಇರುತ್ತದೆ. ನಾನು ಒಂದೇ ಕಡೆ ಹಿಡಿಸಿ ಬೆಸುಗೆ ಹಾಕಿಸಿದ್ದೆ. ಇನ್ನೊಂದು ಚಕ್ರದ ಅಚ್ಚು ಬಾಗಿತ್ತು. ಕೊನೆಗೆ ಮಾರುತಿ 800 ಕಾರಿನ ಹಿಂದಿನ ಚಕ್ರಗಳೇ, ಅವು ಕೂರುವ ಹಬ್ ಸಮೇತ, ಸರಿಯಾದವು. ಆ ಕಾರನ್ನು ಮುಂದಿನ ಚಕ್ರಗಳು ಎಳೆಯುತ್ತವೆ. ಹಾಗಾಗಿ ಹಿಂದಿನವು ಸುಮ್ನೆ ಉರುಳುತ್ತವೆ, ಒಂದೇ ಬದಿಯ ಆಸರೆಯಲ್ಲೇ ಭಾರ ಹೊರುತ್ತವೆ.

ಆದರೆ ಅವು ಗಿಡ್ಡ. ಐದು ಸೆಂಟಿಮೀಟರ್ ಎತ್ತರದ ಬೇರು ಅಡ್ಡ ಬಂತು ಅನ್ನಿ. ಅರ್ಧ ಮೀಟರ್ ವ್ಯಾಸದ ಚಕ್ರವನ್ನು ಅದರ ಮೇಲೆ ಹತ್ತಿಸಲು ಚಕ್ರದ ಮೇಲಿರುವ ಭಾರದ ಮುಕ್ಕಾಲು ಪಾಲು ಬಲ ಬೇಕು. ಹತ್ತು ಅಡಿ ಚಕ್ರಕ್ಕೆ ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ಸಾಕು. ಮಿಷಿಗನ್‌ನವರು ಅಷ್ಟು ಎತ್ತರಕ್ಕೆ ಹೋದದ್ದು ಶೋಕಿಗಲ್ಲ. ನಾವು ದಾರಿಯ ಬೇರು ಕಡಿದು ಸುಧಾರಿಸಿಕೊಂಡೆವು.

ಇನ್ನು ಸರಪಳಿ ಎಲ್ಲಿ ಕಟ್ಟಬೇಕು? ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ದಿಮ್ಮಿಯ ನಡುಮಧ್ಯದಿಂದ ಒಂದು ಅಡಿ ಮುಂದೆ ಕಟ್ಟಿದರೆ ಬಾಲದ ಮೇಲೆ ಬೀಳುವುದು 33 ಕೆಜಿ ಮಾತ್ರ. ಉಳಿದದ್ದು ಚಕ್ರಗಳ ಮೇಲೆ. ಮೆದು ಮಣ್ಣಿನಲ್ಲಿ ಉರುಳುವ ಚಕ್ರಕ್ಕೆ ಭಾರದ ಹತ್ತರಲ್ಲೊಂದು ಪಾಲು ಬಲ ಬೇಕು ಅಂದರೂ, ಬಾಲದ ಉಜ್ಜಾಟ ಸೇರಿ ಒಟ್ಟು ಸುಮಾರು 33 ಕೆಜಿ ಆಯಿತು. ನೂರರಿಂದ ಮೂವತ್ತಮೂರಕ್ಕೆ! ಇಬ್ಬರು ಎಳೆಯಬಹುದು.

ಹಾಗಾದರೆ ಬಾಲವನ್ನೂ ಎತ್ತಿಬಿಟ್ಟರೆ ಇನ್ನೂ ಹಗುರ ಅಲ್ವಾ? ಸಮತಟ್ಟಿನಲ್ಲಿ ಹೌದು, 20 ಕೆಜಿ ಸಾಕು. ಇಳಿಜಾರಿನಲ್ಲಿ ಅದೇ ಅಪಾಯ. ಐದು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ 200 ಕೆಜಿಯ ದಿಮ್ಮಿ ಸುಮಾರು 40 ಕೆಜಿ ಬಲದಿಂದ ನಿಮ್ಮ ಬೆನ್ನಿಗೆ ಬರುತ್ತದೆ. ಬಾಲ ಗಾಳಿಯಲ್ಲಿದ್ದರೆ, ಚಕ್ರಗಳ ತಡೆ ಕಳೆದು ಉಳಿದ ಅರ್ಧವನ್ನು ನೀವೇ ತಡೆಯಬೇಕು. ಒಂದು ಅಡಿ ಮುಂದಿನ ಕಟ್ಟಿನಲ್ಲೂ ಗಾಡಿ ನಿಧಾನಕ್ಕೆ ಓಡತೊಡಗುತ್ತದೆ. ಸರಪಳಿಯನ್ನು ಮುಂದಿನ ತುದಿಗೇ ಕಟ್ಟಿ ನೋಡಿ. ಆಗ ಅರ್ಧ ಭಾರ, ಅಂದರೆ 100 ಕೆಜಿ ಬಾಲದ ಮೇಲೆ ಬಿದ್ದು 50 ಕೆಜಿಯಷ್ಟು ಉಜ್ಜುತ್ತದೆ. ನೀವು ಬಿಟ್ಟರೂ ಗಾಡಿ ನಿಲ್ಲುತ್ತದೆ. ಬೇರೆ ಬ್ರೇಕು ಬೇಡ. ಮಳೆ ಬಿದ್ದು ಜವಳಾದ ನೆಲದಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ.

ಅಮೆರಿಕದ ದೊಡ್ಡ ಚಕ್ರಗಳಿಗೂ ಇದೇ ಕಾಟ ಇತ್ತು. ಇಳುಕಲಿನಲ್ಲಿ ಗಾಡಿ ಕುದುರೆಗಳ ಮೇಲೇ ಹೋಗುತ್ತಿತ್ತು. ಅದಕ್ಕೇ ಆಮೇಲೆ ಜಾರುವ ಮೂಕಿ ಬಂತು. ಕುದುರೆ ಎಳೆದಾಗ ಮೂಕಿ ಮುಂದೆ ಜಾರಿ ದಿಮ್ಮಿ ಮೇಲೇಳುತ್ತದೆ. ಗಾಡಿ ಮುಂದಕ್ಕೆ ನುಗ್ಗಿದರೆ ಮೂಕಿ ಹಿಂದೆ ಸರಿದು ದಿಮ್ಮಿ ತಾನಾಗಿ ನೆಲಕ್ಕೆ ಕೂತು ಉಜ್ಜುತ್ತದೆ.

ನಮ್ಮ ಗಾಡಿಗೆ ಅಷ್ಟೆಲ್ಲ ಇಲ್ಲ. ಇಳುಕಲು ಶುರುವಾಗುವ ಕಡೆ ಗಾಡಿ ನಿಲ್ಲಿಸುತ್ತೇವೆ. ಮೂಕಿ ಎತ್ತಿ ದಿಮ್ಮಿ ಇಳಿಸಿ, ಸರಪಳಿಯನ್ನು ತುದಿಗೆ ಸರಿಸಿ ಮತ್ತೆ ಬಿಗಿಯುತ್ತೇವೆ. ಎರಡು ನಿಮಿಷದ ಕೆಲಸ, ಒಂದು ಸಲ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು.