ಮಿತಿ ಏರಿಸಿದರೆ ಲಾಕಪ್ ನಿಲ್ಲದು

ಲಿನಕ್ಸ್ ಸರ್ವರ್‌ನ ಲಾಗ್‌ನಲ್ಲಿ 'ಬಗ್: ಸಾಫ್ಟ್ ಲಾಕಪ್, ಸಿಪಿಯು 3 ಸ್ಟಕ್ ಫಾರ್ 22 ಸೆಕೆಂಡ್ಸ್' ಎಂಬ ಸಾಲು ಕಂಡ ಕೂಡಲೇ ಎಷ್ಟೋ ಅಡ್ಮಿನ್‌ಗಳು ಮಾಡುವ ಮೊದಲ ಕೆಲಸ, ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ವಾಚ್‌ಡಾಗ್_ಥ್ರೆಶ್ ಮೌಲ್ಯವನ್ನು, ಅಂದರೆ ಎಚ್ಚರಿಕೆಗೆ ಮುನ್ನ ಕಾಯುವ ಸೆಕೆಂಡುಗಳ ಮಿತಿಯನ್ನು, 10ರಿಂದ 60ಕ್ಕೆ ಏರಿಸುವುದು. ಮೆಸೇಜ್ ಬರುವುದು ನಿಲ್ಲುತ್ತದೆ, ಟಿಕೆಟ್ ಕ್ಲೋಸ್ ಆಗುತ್ತದೆ. ಸಿಪಿಯು ಸಿಕ್ಕಿಕೊಳ್ಳುವುದು ಮಾತ್ರ ನಡೆದೇ ಇರುತ್ತದೆ.

ಲಿನಕ್ಸ್‌ನಲ್ಲಿ ಕರ್ನಲ್ ಕೋಡ್ ಒಂದು ಸಿಪಿಯುವನ್ನು ಹಿಡಿದುಕೊಂಡು ಬೇರೆ ಟಾಸ್ಕ್‌ಗೆ ಬಿಟ್ಟುಕೊಡದಿದ್ದರೆ ಅದು ಸಾಫ್ಟ್ ಲಾಕಪ್. ಇಂಟರಪ್ಟ್‌ಗೂ (ಸಿಪಿಯುವಿನ ಕೆಲಸ ತಡೆದು ಗಮನ ಸೆಳೆಯುವ ಸಂಕೇತಕ್ಕೂ) ಅವಕಾಶ ಕೊಡದಿದ್ದರೆ ಹಾರ್ಡ್ ಲಾಕಪ್. ಎರಡಕ್ಕೂ ಮಿತಿ ವಾಚ್‌ಡಾಗ್_ಥ್ರೆಶ್ ಎಂಬ ಇದೇ ಒಂದು ಸಂಖ್ಯೆಯಿಂದ ಹುಟ್ಟುತ್ತದೆ: ಹಾರ್ಡ್‌ಗೆ 10 ಸೆಕೆಂಡ್, ಸಾಫ್ಟ್‌ಗೆ ಅದರ ಇಮ್ಮಡಿ, 20. ಪ್ರತಿ ಸಿಪಿಯುವಿನಲ್ಲೂ 4 ಸೆಕೆಂಡಿಗೊಮ್ಮೆ ಒಂದು ಟೈಮರ್ ಎದ್ದು ತಪಾಸಣೆ ಮಾಡುತ್ತದೆ. 20 ದಾಟಿದ್ದು ಲಾಗ್‌ನಲ್ಲಿ 22, 23 ಎಂದು ಕಾಣುವುದು ಅದಕ್ಕೇ. ಆ ಟೈಮರೇ ಏಳದಿದ್ದರೆ? ಆಗ ತಡೆಯಲಾಗದ ಇಂಟರಪ್ಟ್, ಅಂದರೆ ಎನ್‌ಎಂಐ, ಅದನ್ನು ಹಿಡಿಯುತ್ತದೆ.

ಲಾಗ್‌ನಲ್ಲಿ ಹೆಸರು ಬಂದ ಸಿಪಿಯುವೇ ತಪ್ಪಿತಸ್ಥ ಎಂದುಕೊಳ್ಳುವಂತಿಲ್ಲ. ಸಿಪಿಯು 3 ಒಂದು ಸ್ಪಿನ್‌ಲಾಕ್‌ಗಾಗಿ (ಒಮ್ಮೆಗೆ ಒಂದೇ ಸಿಪಿಯು ಹಿಡಿಯಬಹುದಾದ ಬೀಗಕ್ಕಾಗಿ) ಕಾಯುತ್ತಾ ಸುತ್ತುತ್ತಿರಬಹುದು. ಲಾಕ್ ಹಿಡಿದು ಕೂತಿರುವುದು ಸಿಪಿಯು 17 ಆಗಿರಬಹುದು. ಸಾಫ್ಟ್‌ಲಾಕಪ್_ಆಲ್_ಸಿಪಿಯು_ಬ್ಯಾಕ್‌ಟ್ರೇಸ್ ಎಂಬ ಸೆಟ್ಟಿಂಗನ್ನು 1 ಮಾಡಿಟ್ಟರೆ ಎಲ್ಲ ಸಿಪಿಯುಗಳ ಸ್ಟ್ಯಾಕ್, ಅಂದರೆ ಆಗ ಯಾವ ಕೋಡ್‌ನಲ್ಲಿದ್ದವು ಎಂಬ ಪಟ್ಟಿ, ಸಿಗುತ್ತದೆ. ಆದರೆ ನೂರಾರು ಕೋರ್‌ಗಳ ಮಷೀನ್‌ನಲ್ಲಿ ನಿಧಾನವಾದ ಸೀರಿಯಲ್ ಕನ್ಸೋಲ್ (ಲಾಗ್ ಸಾಲುಗಳನ್ನು ತಂತಿಯಲ್ಲಿ ಹೊರಗೆ ಕಳಿಸುವ ದಾರಿ) ಇದ್ದರೆ ಅಷ್ಟನ್ನು ಪ್ರಿಂಟ್ ಮಾಡುವುದೇ ಇನ್ನೊಂದು ಲಾಕಪ್‌ಗೆ ಕಾರಣವಾದೀತು.

ವರ್ಚುವಲ್ ಮಷೀನ್‌ಗಳ ಕಥೆ ಬೇರೆ. ಕಿಕ್ಕಿರಿದ ಹೋಸ್ಟ್ (ಅವನ್ನು ಹೊತ್ತ ಅಸಲಿ ಮಷೀನ್), ಗೆಸ್ಟ್‌ನ (ವರ್ಚುವಲ್ ಮಷೀನ್‌ನ) ಸಿಪಿಯುವಿಗೆ ಸರದಿ ಕೊಡದೆ ಬಹಳ ಹೊತ್ತು ಕೂರಿಸಿದರೆ, ಎದ್ದ ಮೇಲೆ ಗೆಸ್ಟ್‌ಗೆ ಕಾಣುವುದು 'ಸಮಯ ಹೋಗಿದೆ, ಕೆಲಸ ನಡೆದಿಲ್ಲ' ಎಂಬುದಷ್ಟೇ. ಅಲ್ಲಿ ಕರ್ನಲ್‌ನ ತಪ್ಪೇನೂ ಇಲ್ಲ. ಮೊದಲು ಟಾಪ್ ಕಮಾಂಡ್‌ನಲ್ಲಿ ಸ್ಟೀಲ್ ಟೈಮ್, ಅಂದರೆ ಸರದಿ ಸಿಗದೆ ಕಾದ ಹೊತ್ತು, ನೋಡಿ. ಇಂಥ ಕಡೆ ಸಾಫ್ಟ್‌ಲಾಕಪ್_ಪ್ಯಾನಿಕ್ (ಸಾಫ್ಟ್ ಲಾಕಪ್ ಕಂಡರೆ ಕರ್ನಲ್ ತಾನೇ ಕೆಲಸ ನಿಲ್ಲಿಸುವ ಸೆಟ್ಟಿಂಗ್) ಆನ್ ಮಾಡಿಟ್ಟರೆ, ಹೋಸ್ಟ್‌ಗೆ ಲೋಡ್ ಏರಿದಾಗ ಆರೋಗ್ಯವಾಗಿದ್ದ ಗೆಸ್ಟ್‌ಗಳೂ ಬೀಳುತ್ತವೆ. ಇನ್ನೊಂದು ವಿಷಯ: ಸಾಮಾನ್ಯ ಎಕ್ಸ್86 ಮಷೀನ್‌ಗಳಲ್ಲಿ ಹಾರ್ಡ್ ಪತ್ತೆಗೆ ಸಿಪಿಯುವಿನ ಪರ್ಫ್ ಕೌಂಟರ್ (ಸಿಪಿಯು ತನ್ನ ಕೆಲಸವನ್ನು ಎಣಿಸುವ ಸೌಲಭ್ಯ) ಬೇಕು. ಅನೇಕ ವರ್ಚುವಲ್ ಮಷೀನ್‌ಗಳಿಗೆ ಅದು ಸಿಗದ ಕಾರಣ ಹಾರ್ಡ್ ಪತ್ತೆ ಸದ್ದಿಲ್ಲದೆ ಆಫ್ ಆಗಿರುತ್ತದೆ. ಕರ್ನಲ್ ಲಾಗ್ ತೋರಿಸುವ dmesg ಕಮಾಂಡ್‌ನಲ್ಲಿ ಹುಡುಕಿದರೆ ಗೊತ್ತಾಗುತ್ತದೆ. 2023ರ 6.5 ಕರ್ನಲ್‌ನಿಂದ ಒಂದು ಸಿಪಿಯು ಪಕ್ಕದ ಸಿಪಿಯುವಿನ ಟೈಮರನ್ನು ಗಮನಿಸುವ 'ಬಡ್ಡಿ' ವಿಧಾನವೂ ಇದೆ. ಅದಕ್ಕೆ ಈ ಕೌಂಟರ್ ಬೇಡ, ಆದರೆ ಕರ್ನಲ್ ಬಿಲ್ಡ್ ಮಾಡುವಾಗಲೇ ಆರಿಸಿರಬೇಕು.

ಫಿಸಿಕಲ್ ಸರ್ವರ್‌ಗಳಲ್ಲಿ ನಾನು ಹಾರ್ಡ್‌ಲಾಕಪ್_ಪ್ಯಾನಿಕ್ 1 ಇಡುತ್ತೇನೆ, ಜೊತೆಗೆ ಕೆಡಂಪ್ (ಪ್ಯಾನಿಕ್ ಆದಾಗಿನ ಮೆಮೊರಿಯನ್ನು ಡಂಪ್ ಫೈಲ್ ಆಗಿ ಉಳಿಸುವ ಸೌಲಭ್ಯ). ಡಂಪ್ ಉಳಿಯದ ಪ್ಯಾನಿಕ್‌ನಿಂದ ಮಷೀನ್ ಎದ್ದೀತು, ಕಾರಣ ಮಾತ್ರ ಸಿಗದು. ಸಾಫ್ಟ್‌ಗೂ ಪ್ಯಾನಿಕ್ ಇಡುವುದು, ಬಿದ್ದರೆ ಹೊರೆ ಹೊರಲು ಕ್ಲಸ್ಟರ್‌ನಲ್ಲಿ ಇನ್ನೊಂದು ನೋಡ್ ಇದ್ದಾಗ ಮಾತ್ರ.

ಸೆಟ್ಟಿಂಗ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಲು ಕರ್ನಲ್‌ನಲ್ಲೇ ಬೇಕೆಂದೇ ಕ್ರ್ಯಾಶ್ ಮಾಡಿಸುವ ಎಲ್‌ಕೆಡಿಟಿಎಂ ಎಂಬ ಮಾಡ್ಯೂಲ್ ಇದೆ. ಟೆಸ್ಟ್ ಮಷೀನ್‌ನಲ್ಲಿ ಅದನ್ನು ಲೋಡ್ ಮಾಡಿ, ಡೀಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ಪರೀಕ್ಷೆಗೆಂದೇ ಇರುವ ಫೈಲ್ ವ್ಯವಸ್ಥೆಯಲ್ಲಿ) ಅದರ 'ಡೈರೆಕ್ಟ್' ಫೈಲಿಗೆ 'ಹಾರ್ಡ್‌ಲಾಕಪ್' ಎಂದು ಬರೆಯಿರಿ. ಅರ್ಧ ನಿಮಿಷದೊಳಗೆ ಪ್ಯಾನಿಕ್ ಆಗಿ, ರೀಬೂಟ್ ಆದ ಮೇಲೆ ಡಂಪ್ ಫೈಲ್ ಡಿಸ್ಕಿನಲ್ಲಿ ಸಿಗಬೇಕು. ಸಿಗದಿದ್ದರೆ ಮೊದಲು ನೋಡಬೇಕಾದ್ದು ಬೂಟ್ ಸಾಲಿನಲ್ಲಿ ಕ್ರ್ಯಾಶ್‌ಕರ್ನಲ್‌ಗೆ (ಡಂಪ್ ಉಳಿಸಲು ಏಳುವ ಎರಡನೇ ಕರ್ನಲ್‌ಗೆ) ಮೀಸಲಿಟ್ಟ ಮೆಮೊರಿ.