ಪದ ಪರಿಚಯ: ‘ಮಿಶ್ರ ಪ್ರತಿಕ್ರಿಯೆ’ ಅಂದರೆ ಯಾವುದರ ಮಿಶ್ರ?

ಶುಕ್ರವಾರ ಸಿನಿಮಾ ಬಿಡುಗಡೆ ಆಗುತ್ತದೆ. ಶನಿವಾರ ‘ಪ್ರೇಕ್ಷಕರಿಂದ ಮಿಶ್ರ ಪ್ರತಿಕ್ರಿಯೆ’ ಅಂತ ಸುದ್ದಿ ಬರುತ್ತದೆ. ಓದಿದವರು ‘ಓ, ಹಾಗಾದರೆ ಅಷ್ಟೇನೂ ಚೆನ್ನಾಗಿಲ್ಲ’ ಅಂದುಕೊಂಡು ಮುಂದೆ ಹೋಗುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಓದುತ್ತಿದ್ದೆ. ಆದರೆ ಆ ಪದ ಅದನ್ನು ಹೇಳುವುದೇ ಇಲ್ಲ. ಅದರ ಅರ್ಥ ಬೇರೆ, ನಾವು ಅದನ್ನು ಬಳಸುತ್ತಿರುವ ರೀತಿ ಬೇರೆ. ಒಂದು ಅನಿಮೇಷನ್ ಸಿನಿಮಾ ನೋಡಿ ಮನೆಯವರೆಲ್ಲ ವಾದ ಮಾಡಿದ ದಿನದಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೇ ಇವತ್ತು ಇದನ್ನು ಬಿಡಿಸಿ ನೋಡೋಣ ಅಂತ.

ಮೊದಲು ‘ಮಿಶ್ರ’. ಈ ಪದ ನಮಗೆ ಚೆನ್ನಾಗಿ ಗೊತ್ತು. ಮಿಶ್ರ ಬೆಳೆ ಅಂತೀವಿ. ರಾಗಿ ಹೊಲದಲ್ಲಿ ನಡುವೆ ಅಕ್ಕಡಿ ಸಾಲು ಹಾಕುತ್ತಾರಲ್ವಾ, ಅವರೆ, ತೊಗರಿ, ಹುಚ್ಚೆಳ್ಳು ಹೀಗೆ. ಎಲ್ಲ ಒಂದೇ ಹೊಲದಲ್ಲಿ ಇರುತ್ತವೆ, ಆದರೆ ರಾಗಿ ರಾಗಿಯಾಗಿಯೇ ಇರುತ್ತದೆ, ಅವರೆ ಅವರೆಯಾಗಿಯೇ ಇರುತ್ತದೆ. ಸಂಗೀತದಲ್ಲಿ ಮಿಶ್ರ ಚಾಪು ಇದೆ. ಮೂರು ಮತ್ತು ನಾಲ್ಕು ಸೇರಿ ಏಳು. ಕೈ ತಟ್ಟಿ ನೋಡಿದರೆ ಮೂರು ಎಲ್ಲಿ ಮುಗಿಯಿತು, ನಾಲ್ಕು ಎಲ್ಲಿ ಶುರುವಾಯಿತು ಅನ್ನುವುದು ಗೊತ್ತಾಗುತ್ತದೆ. ಅಂದರೆ ಮಿಶ್ರ ಅಂದಾಗ ಒಳಗಿರುವ ವಸ್ತುಗಳು ಕರಗಿ ಹೋಗಿರುವುದಿಲ್ಲ. ಪಕ್ಕಪಕ್ಕದಲ್ಲಿ ಕೂತಿರುತ್ತವೆ, ಬೇಕಾದರೆ ಬೇರೆ ಬೇರೆ ಮಾಡಿ ತೋರಿಸಬಹುದು.

ಹಾಗಾದರೆ ‘ಚೆನ್ನಾಗಿಲ್ಲ’ ಅನ್ನುವ ಅರ್ಥ ಎಲ್ಲಿಂದ ಬಂತು? ನನ್ನ ಊಹೆ ಏನೆಂದರೆ, ವಾರ ಭವಿಷ್ಯದ ಅಭ್ಯಾಸ. ‘ಈ ವಾರ ಮಿಶ್ರ ಫಲ’ ಅಂತ ಓದಿದ ಕೂಡಲೇ ನಮ್ಮ ಮನಸ್ಸು ಕೆಟ್ಟದ್ದರ ಕಡೆಗೇ ಹೋಗುತ್ತದೆ. ಒಳ್ಳೆಯದೂ ಇದೆ ಅನ್ನುವುದು ಮರೆತೇ ಹೋಗುತ್ತದೆ. ಸಿನಿಮಾ ಸುದ್ದಿಯಲ್ಲೂ ಅದೇ ಆಗಿದೆ. ಚೆನ್ನಾಗಿಲ್ಲ ಅಂತ ನೇರವಾಗಿ ಬರೆಯಲು ಸಂಕೋಚ ಆದಾಗ ‘ಮಿಶ್ರ’ ಅಂತ ಬರೆದು ಬರೆದು, ಕೊನೆಗೆ ಆ ಪದಕ್ಕೇ ಆ ಬಣ್ಣ ಅಂಟಿಕೊಂಡಿತು.

ಇನ್ನು ‘ಪ್ರತಿಕ್ರಿಯೆ’. ಇದಕ್ಕೂ ‘ಅಭಿಪ್ರಾಯ’ಕ್ಕೂ ವ್ಯತ್ಯಾಸ ಇದೆ. ಥಿಯೇಟರಿನಲ್ಲಿ ನಕ್ಕಿದ್ದು, ಅತ್ತಿದ್ದು, ಆಕಳಿಸಿದ್ದು ಪ್ರತಿಕ್ರಿಯೆ. ಹೊರಗೆ ಬಂದು ಸ್ವಲ್ಪ ಯೋಚನೆ ಮಾಡಿ ಹೇಳಿದ್ದು ಅಭಿಪ್ರಾಯ. ಯಾಕೆ ಹಾಗನ್ನಿಸಿತು ಅಂತ ಕಾರಣ ಕೊಟ್ಟು ಬಿಡಿಸಿಟ್ಟದ್ದು ವಿಮರ್ಶೆ. ನಾವು ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತೇವೆ.

ಈಗ ಉದಾಹರಣೆಗೆ ಬರೋಣ. ‘ಇನ್‌ಕ್ರೆಡಿಬಲ್ಸ್ 2’. ಪಿಕ್ಸಾರ್ ಮಾಡಿದ ಸೂಪರ್‌ಹೀರೋ ಕುಟುಂಬದ ಸಿನಿಮಾ, ನಿರ್ದೇಶಕ ಬ್ರ್ಯಾಡ್ ಬರ್ಡ್. ಮೊದಲ ಭಾಗ ಬಂದಿದ್ದು 2004ರಲ್ಲಿ, ಎರಡನೆಯದು 2018ರಲ್ಲಿ. ನಡುವೆ 14 ವರ್ಷ. ಆದರೆ ಕಥೆ ಮಾತ್ರ ಮೊದಲ ಭಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಗುತ್ತದೆ. ಪರದೆಯ ಮೇಲಿನ ಮಕ್ಕಳಿಗೆ ಒಂದು ದಿನವೂ ವಯಸ್ಸಾಗಿಲ್ಲ. ನೋಡುವವರು ಮಾತ್ರ ಬೆಳೆದುಬಿಟ್ಟಿದ್ದರು. ಎಂಟು ವರ್ಷಕ್ಕೆ ಮೊದಲನೆಯದನ್ನು ನೋಡಿದವರು ಎರಡನೆಯದಕ್ಕೆ ಇಪ್ಪತ್ತೆರಡು ವರ್ಷದವರಾಗಿ ಬಂದರು.

ನಾವು ಮನೆಯವರೆಲ್ಲ ಒಟ್ಟಿಗೆ ಹೋಗಿದ್ದೆವು. ಅಮ್ಮ, ಅಕ್ಕ, ಭಾವ, ಅಕ್ಕನ ಮಗ, ನಾನು. ಮುಗಿದ ಮೇಲೆ ದರ್ಶಿನಿಯೊಂದರಲ್ಲಿ ನಿಂತು ದೋಸೆ ತಿನ್ನುತ್ತಾ ಮಾತು ಶುರುವಾಯಿತು.

ಭಾವನೇ ಮೊದಲು ಬಾಯಿ ತೆರೆದರು. “ಹಳೇ ಕಥೆಯನ್ನೇ ತಿರುಗಿಸಿ ಹಾಕಿದ್ದಾರೆ ಕಣೋ. ಆಗ ಅಪ್ಪನ್ನ ಯಾರೋ ಕೆಲಸಕ್ಕೆ ಅಂತ ಕರೆಸಿಕೊಂಡು ಮೋಸ ಮಾಡಿದ್ರು, ಈಗ ಅಮ್ಮನ್ನ. ಖಳ ಯಾರು ಅಂತ ಅರ್ಧಕ್ಕೇ ಗೊತ್ತಾಗೋಯ್ತು.” ಅವರು ಹೇಳಿದ್ದು ನಿಜ. ಎರಡೂ ಸಿನಿಮಾದ ಅಸ್ಥಿಪಂಜರ ಒಂದೇ.

ಅಕ್ಕ ಒಪ್ಪಲಿಲ್ಲ. ಅವಳಿಗೆ ನೆನಪಿನಲ್ಲಿ ಉಳಿದಿದ್ದು ಒಂದೇ ಒಂದು ಫೋನ್ ಕರೆ. ಓಡಿಹೋಗುತ್ತಿರುವ ರೈಲನ್ನು ಹಿಡಿಯಬೇಕಾದ ಹೊತ್ತಿನಲ್ಲಿ ಸಿನಿಮಾದ ಅಮ್ಮ ಹೆಲೆನ್‌ಗೆ, ಅಂದರೆ ಸೂಪರ್‌ಹೀರೋ ಎಲಾಸ್ಟಿಗರ್ಲ್‌ಗೆ, ಮನೆಯಿಂದ ಮಗ ಫೋನ್ ಮಾಡಿ ತನ್ನ ಶೂ ಎಲ್ಲಿ ಅಂತ ಕೇಳುತ್ತಾನೆ. ಅವಳು ಮಂಚದ ಕೆಳಗೆ ನೋಡು ಅನ್ನುತ್ತಾಳೆ. “ಆಫೀಸಲ್ಲಿ ಮೀಟಿಂಗ್ ಮಧ್ಯೆ ನನಗೆ ದಿನಾ ಬರೋ ಫೋನ್ ಅದು. ಕಥೆ ಹಳೇದೋ ಹೊಸದೋ ನನಗೆ ಬೇಡ” ಅಂದಳು ಅಕ್ಕ. ಭಾವ ಸುಮ್ಮನಾದರು.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಸಿನಿಮಾದ ಮಾತುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗೆ ತಲುಪಿರಲಿಲ್ಲ. ಆದರೆ ಮಗು ಜ್ಯಾಕ್‌ಜ್ಯಾಕ್ ರಾತ್ರಿ ಹಿತ್ತಲಲ್ಲಿ ರಕೂನ್ ಜೊತೆ ಜಗಳಕ್ಕೆ ಬೀಳುವ ದೃಶ್ಯ ಇದೆ. ಆ ಪ್ರಾಣಿ ಕಸದ ಡಬ್ಬ ಕೆದಕುತ್ತಿರುತ್ತದೆ, ಮಗು ಮುಚ್ಚಿದ ಗಾಜಿನ ಬಾಗಿಲನ್ನು ತೂರಿಕೊಂಡು ಹೊರಗೆ ಬರುತ್ತದೆ, ಕಣ್ಣಿಂದ ಬೆಂಕಿ ಬಿಡುತ್ತದೆ, ಒಂದಿದ್ದದ್ದು ನಾಲ್ಕಾರು ಆಗುತ್ತದೆ. ಅಲ್ಲಿ ಭಾಷೆಯ ಅಗತ್ಯವೇ ಇಲ್ಲ. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. “ಅದೊಂದು ಮಗು ಇದ್ದಿದ್ರೆ ಸಾಕಿತ್ತು, ಉಳಿದೋರೆಲ್ಲ ಯಾಕೆ?” ಅಂದರು. ಅಕ್ಕನ ಮಗ ಮಾತ್ರ “ಮಾಮ, ನಾಳೆ ಇನ್ನೊಂದ್ಸಲ ಹೋಗೋಣ” ಅಂತ ನನ್ನ ಅಂಗಿ ಎಳೆಯುತ್ತಿದ್ದ.

ಇದು ಮಿಶ್ರ ಪ್ರತಿಕ್ರಿಯೆ. ಆದರೆ ಗಮನಿಸಿ, ಇದರಲ್ಲಿ ಯಾರೊಬ್ಬರೂ ‘ಪರವಾಗಿಲ್ಲ’ ಅಂತ ಹೇಳಲಿಲ್ಲ.

ಇಲ್ಲೇ ಈ ಪದದ ಗಂಟು ಇರುವುದು. ಒಂದೇ ಪದದಲ್ಲಿ ಕನಿಷ್ಠ ಮೂರು ಬೇರೆ ಸಂಗತಿಗಳನ್ನು ನಾವು ತುಂಬಿಬಿಟ್ಟಿದ್ದೇವೆ. ಒಂದು, ಜನ ಎರಡು ಪಾಳಯ ಆಗಿದ್ದಾರೆ, ಕೆಲವರಿಗೆ ತುಂಬಾ ಇಷ್ಟ, ಕೆಲವರಿಗೆ ಆಗಲೇ ಇಲ್ಲ. ಇದಕ್ಕೆ ಭಿನ್ನಾಭಿಪ್ರಾಯ ಅನ್ನುವ ಒಳ್ಳೆಯ ಪದ ಇದೆ. ಇನ್ನೊಂದು, ಒಬ್ಬರ ಮನಸ್ಸಿನೊಳಗೇ ಎರಡೂ ಇವೆ. ಭಾವನ ಸ್ಥಿತಿ ಅದೇ. ಖಳನ ಬಗ್ಗೆ ಬೈದವರೇ ಆಮೇಲೆ ಸಿನಿಮಾದ ಅಪ್ಪ ಬಾಬ್ ರಾತ್ರಿಯೆಲ್ಲ ಕೂತು ಮಗನ ಗಣಿತ ಕಲಿತು ಬೆಳಗಾಗುವ ಮೊದಲೇ ಅವನನ್ನು ಎಬ್ಬಿಸುವ ದೃಶ್ಯವನ್ನು ನೆನಪಿಸಿಕೊಂಡು ಮೂರು ಸಲ ಹೇಳಿದರು, ಹೇಳುವಾಗ ಅವರ ದನಿಯೇ ಬೇರೆ ಆಗಿತ್ತು. ಮೂರನೆಯದು, ಯಾರಿಗೂ ಏನೂ ಅನ್ನಿಸಿಲ್ಲ. ‘ಒಂದ್ಸಲ ನೋಡಬಹುದು’ ಅಂತ ಹೇಳಿ ಮನೆಗೆ ಹೋಗಿದ್ದಾರೆ. ಇದು ಸಾಧಾರಣ ಪ್ರತಿಕ್ರಿಯೆ, ಮಿಶ್ರ ಅಲ್ಲವೇ ಅಲ್ಲ. ಇದರಲ್ಲಿ ಮಿಶ್ರ ಮಾಡಲು ಎರಡು ವಸ್ತುಗಳೇ ಇಲ್ಲ!

ನಾವು ಮಾತ್ರ ಈ ಗೊಂದಲ ಮಾಡಿಕೊಂಡಿಲ್ಲ. ಮೆಟಾಕ್ರಿಟಿಕ್ ಅನ್ನುವ ತಾಣ ಬೇರೆ ಬೇರೆ ವಿಮರ್ಶಕರ ಅಂಕ ಸೇರಿಸಿ ಸರಾಸರಿ ತೆಗೆಯುತ್ತದೆ. ಸಿನಿಮಾ 40ರಿಂದ 60ರ ಒಳಗೆ ಬಂದರೆ ಅದರ ಹಣೆಪಟ್ಟಿ ‘ಮಿಶ್ರ ಅಥವಾ ಸಾಧಾರಣ’. ಎರಡಕ್ಕೂ ಒಂದೇ ಪಟ್ಟಿ. ಅರ್ಧ ಜನ 100 ಕೊಟ್ಟು ಅರ್ಧ ಜನ ಸೊನ್ನೆ ಕೊಟ್ಟರೂ ಸರಾಸರಿ 50, ಎಲ್ಲರೂ 50 ಕೊಟ್ಟರೂ 50. ಮೊದಲನೆಯದು ಜನ ರಾತ್ರಿಯಿಡೀ ಜಗಳ ಆಡುವ ಸಿನಿಮಾ. ಎರಡನೆಯದು ಮಾರನೆ ದಿನಕ್ಕೇ ಮರೆತುಹೋಗುವ ಸಿನಿಮಾ.

ರಾಟನ್ ಟೊಮೇಟೋಸ್ ಅನ್ನುವ ಇನ್ನೊಂದು ತಾಣದ ಲೆಕ್ಕ ಬೇರೆ. ಅಲ್ಲಿ ಶೇಕಡಾ ಅಂಕ ಅಂದರೆ ಎಷ್ಟು ವಿಮರ್ಶಕರು ‘ಚೆನ್ನಾಗಿದೆ’ ಕಡೆಗೆ ನಿಂತರು ಅಂತ ಮಾತ್ರ. ಎಷ್ಟು ಚೆನ್ನಾಗಿದೆ ಅಂತ ಅಲ್ಲ. ‘ಇನ್‌ಕ್ರೆಡಿಬಲ್ಸ್ 2’ಕ್ಕೆ ಅಲ್ಲಿ ಸುಮಾರು 93, ಮೊದಲ ಭಾಗಕ್ಕೆ ಸುಮಾರು 97. ಕುಣಿದಾಡಿ ಹೊಗಳಿದವರದೂ ಒಂದು ಓಟು, ‘ಖಳ ಸಪ್ಪೆ, ಕಥೆ ಹಳೇದು, ಆದರೂ ನೋಡಿ’ ಅಂದವರದೂ ಒಂದು ಓಟು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಇದೆ, ಮೊದಲ ದಿನ ಥಿಯೇಟರಿಗೆ ಬಂದವರ ಕೈಗೇ ಚೀಟಿ ಕೊಟ್ಟು ಗ್ರೇಡ್ ಹಾಕಿಸುತ್ತಾರೆ. ಅಲ್ಲಿ ಈ ಸಿನಿಮಾಗೆ ಸಿಕ್ಕಿದ್ದು ಎ ಪ್ಲಸ್, ಅದಕ್ಕಿಂತ ಮೇಲೆ ಇಲ್ಲ. ಮೊದಲ ವಾರಾಂತ್ಯದಲ್ಲಿ ಉತ್ತರ ಅಮೆರಿಕದಲ್ಲೇ 18 ಕೋಟಿ ಡಾಲರಿಗೂ ಜಾಸ್ತಿ ಗಳಿಕೆ, ಅನಿಮೇಷನ್ ಸಿನಿಮಾಗಳಲ್ಲಿ ಆಗಿನ ದಾಖಲೆ. ಪ್ರಪಂಚದಾದ್ಯಂತ 120 ಕೋಟಿ ಡಾಲರ್ ದಾಟಿತು. ಯಾವ ಅಂಕಿ ನೋಡಿದರೂ ಮಿಶ್ರ ಅನ್ನಲು ಜಾಗ ಇಲ್ಲ. ಆದರೆ ನಮ್ಮ ದೋಸೆಯ ಟೇಬಲ್ಲಿನ ಮಾತು ಯಾವ ಅಂಕಿಯಲ್ಲೂ ಇಲ್ಲ ಅಲ್ವಾ? ಅದಕ್ಕೇ ಹೇಳುವುದು, ಗೆದ್ದ ಸಿನಿಮಾಗೂ ಮಿಶ್ರ ಪ್ರತಿಕ್ರಿಯೆ ಇರಬಹುದು. ಸೋಲು ಗೆಲುವಿಗೂ ಈ ಪದಕ್ಕೂ ಸಂಬಂಧ ಇಲ್ಲ.

ಕುಟುಂಬದ ಸಿನಿಮಾಗಳಿಗೆ ಈ ಪದ ಜಾಸ್ತಿ ಅಂಟಿಕೊಳ್ಳಲು ಇನ್ನೊಂದು ಕಾರಣ ಇದೆ. ಒಂದೇ ಸಾಲಿನ ಸೀಟಿನಲ್ಲಿ ಎಂಟು ವರ್ಷದವನೂ ಅರವತ್ತೆರಡು ವರ್ಷದವರೂ ಕೂತಿರುತ್ತಾರೆ. ಈ ಸಿನಿಮಾದಲ್ಲಂತೂ ಅದು ಇನ್ನೂ ಜಾಸ್ತಿ. ಬ್ರ್ಯಾಡ್ ಬರ್ಡ್ ಒಬ್ಬೊಬ್ಬರಿಗೂ ಮನೆಯಲ್ಲಿ ಅವರಿರುವ ಸ್ಥಾನ ನೋಡಿಯೇ ಶಕ್ತಿ ಕೊಟ್ಟಿದ್ದಾರೆ. ಅಪ್ಪ ಗಟ್ಟಿ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅವನಿಗೆ ತೋಳ್ಬಲ. ಅಮ್ಮನನ್ನು ದಿನವಿಡೀ ನಾಲ್ಕು ಕಡೆಗೆ ಎಳೆಯುತ್ತಾರೆ, ಅವಳ ಮೈ ರಬ್ಬರಿನ ಹಾಗೆ ಹಿಗ್ಗುತ್ತದೆ. ಹದಿಹರೆಯದ ವಯೊಲೆಟ್‌ಗೆ ಯಾರ ಕಣ್ಣಿಗೂ ಬೀಳದೆ ಮಾಯವಾಗುವ ಶಕ್ತಿ. ಹತ್ತು ವರ್ಷದ ಡ್ಯಾಶ್‌ಗೆ ಓಟ. ಮಗು ಮುಂದೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ, ಅದಕ್ಕೆ ಎಲ್ಲ ಶಕ್ತಿಯೂ ಇದೆ. ಹಾಗಾಗಿ ನೋಡುವವರು ತಮ್ಮವರನ್ನೇ ಹುಡುಕಿಕೊಂಡು ನೋಡುತ್ತಾರೆ. ಅಕ್ಕ ನೋಡಿದ್ದು ಹೆಲೆನ್ ಸಿನಿಮಾ, ಅಮ್ಮ ನೋಡಿದ್ದು ಮೊಮ್ಮಗುವಿನ ಸಿನಿಮಾ. ಟಿಕೆಟ್ ಒಂದೇ, ನೋಡಿದ್ದು ಬೇರೆ.

ಮೊದಲ ಭಾಗದ ಬಗ್ಗೆ ಇದ್ದ ಭಿನ್ನಾಭಿಪ್ರಾಯ ಇದಕ್ಕಿಂತ ಆಳದ್ದು. ಆ ಸಿನಿಮಾಗೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಆದರೂ ಒಂದು ಪ್ರಶ್ನೆ ಇವತ್ತಿಗೂ ನಿಂತಿಲ್ಲ. ಅದರ ಖಳ ಸಿಂಡ್ರೋಮ್‌ಗೆ ಹುಟ್ಟಿನಿಂದ ಯಾವ ಶಕ್ತಿಯೂ ಇಲ್ಲ, ಎಲ್ಲವನ್ನೂ ತನ್ನ ತಲೆಯಿಂದ ಮಾಡಿಕೊಂಡವನು. ತನ್ನ ಯಂತ್ರಗಳನ್ನು ಎಲ್ಲರಿಗೂ ಮಾರುತ್ತೇನೆ, ಆಗ ಎಲ್ಲರೂ ಸೂಪರ್ ಆಗುತ್ತಾರೆ, ಸೂಪರ್ ಅನ್ನುವ ಮಾತಿಗೇ ಬೆಲೆ ಇರುವುದಿಲ್ಲ ಅನ್ನುತ್ತಾನೆ. ಹಾಗಾದರೆ ಈ ಸಿನಿಮಾ ಹುಟ್ಟಿನಿಂದ ಶಕ್ತಿ ಬಂದವರೇ ದೊಡ್ಡವರು ಅನ್ನುತ್ತಿದೆಯಾ ಅಂತ ಕೆಲವರು ಕೇಳಿದರು. ಇನ್ನು ಕೆಲವರು ಇಲ್ಲ, ಅವನು ಖಳ ಆಗಿದ್ದು ಬುದ್ಧಿವಂತಿಕೆಯಿಂದಲ್ಲ, ತನ್ನ ಯಂತ್ರದ ಪರೀಕ್ಷೆಗೆ ಒಬ್ಬೊಬ್ಬರೇ ಹೀರೋಗಳನ್ನು ಕೊಂದಿದ್ದರಿಂದ ಅಂದರು. ನಾನು ಎರಡನೆಯವರ ಕಡೆ. ಆದರೆ ಮೊದಲನೆಯವರ ಪ್ರಶ್ನೆ ತಪ್ಪು ಅಂತ ಹೇಳಲಾರೆ, ಪ್ರತಿ ಸಲ ಆ ಸಿನಿಮಾ ನೋಡಿದಾಗಲೂ ಅದು ನನ್ನನ್ನು ಚುಚ್ಚುತ್ತದೆ.

ಇನ್ನೊಂದು ಎಚ್ಚರ ಬೇಕು. ಎಲ್ಲ ತಕರಾರೂ ‘ಪ್ರತಿಕ್ರಿಯೆ’ ಅಲ್ಲ. ‘ಇನ್‌ಕ್ರೆಡಿಬಲ್ಸ್ 2’ರಲ್ಲಿ ಪರದೆ ತುಂಬಾ ಬಿಳಿ ಬೆಳಕು ಪಟಪಟ ಮಿನುಗುವ ದೃಶ್ಯಗಳಿವೆ. ಅಂಥ ಬೆಳಕಿಗೆ ಮೂರ್ಛೆ ಬರುವ ಕಾಯಿಲೆ ಇರುವವರಿಗೆ ಅದು ಅಪಾಯ. ಜನ ಎತ್ತಿ ಹೇಳಿದ ಮೇಲೆ ಡಿಸ್ನಿ ಸಂಸ್ಥೆ ಥಿಯೇಟರುಗಳಿಗೆ ಎಚ್ಚರಿಕೆಯ ಸೂಚನೆ ಹಾಕಲು ಹೇಳಿತು. ಇದನ್ನು ‘ಕೆಲವರಿಗೆ ಇಷ್ಟ ಆಗಲಿಲ್ಲ’ ಅನ್ನುವ ಲೆಕ್ಕಕ್ಕೆ ಸೇರಿಸಿದರೆ ಅನ್ಯಾಯ. ಅದು ದೂರು, ಅದೂ ಪ್ರಾಣಕ್ಕೆ ಸಂಬಂಧಪಟ್ಟ ದೂರು.

ಹಾಗಾಗಿ ಬರೆಯುವವರಿಗೆ ನನ್ನದೊಂದು ಕೋರಿಕೆ. ‘ಮಿಶ್ರ ಪ್ರತಿಕ್ರಿಯೆ’ ಅಂತ ಬರೆಯಿರಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ‘ಮಕ್ಕಳಿಗೆ ರಕೂನ್ ದೃಶ್ಯ ಇಷ್ಟ ಆಯಿತು, ದೊಡ್ಡವರಿಗೆ ಖಳ ಮೊದಲೇ ಗೊತ್ತಾಗಿ ಬೇಜಾರಾಯಿತು’ ಅಂತ ಇನ್ನೊಂದು ಸಾಲು ಸೇರಿಸಿದರೆ ಓದುವವರಿಗೆ ಹೋಗಬೇಕಾ ಬೇಡವಾ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಎಲ್ಲರಿಗೂ ಸಪ್ಪೆ ಅನ್ನಿಸಿದ್ದರೆ ಸಪ್ಪೆ ಅಂತಲೇ ಬರೆಯಿರಿ. ಓದುಗರು ತಡೆದುಕೊಳ್ಳುತ್ತಾರೆ.

ಮೂರನೆಯ ಭಾಗ ಬರುತ್ತದೆ ಅಂತ 2024ರಲ್ಲಿ ಪ್ರಕಟಿಸಿದ್ದಾರೆ. ಆ ಸುದ್ದಿ ಬಂದ ವಾರ ಅಕ್ಕನ ಮನೆಯಲ್ಲಿ ಎರಡನೆಯದನ್ನು ಮತ್ತೆ ಹಾಕಿ ಕೂತೆವು. ಅಕ್ಕನ ಮಗನಿಗೆ ಆಗ ಹದಿನಾಲ್ಕು. ಸಿನಿಮಾದಲ್ಲಿ ಒಂದು ಹೋಟೆಲ್ ದೃಶ್ಯ ಇದೆ, ವಯೊಲೆಟ್ ಇಷ್ಟಪಡುವ ಹುಡುಗ ಅಲ್ಲಿ ಕೆಲಸ ಮಾಡುತ್ತಿರುತ್ತಾನೆ, ಅಪ್ಪ ಒಳ್ಳೆಯದಾಗಲಿ ಅಂತ ಎಲ್ಲರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿರುತ್ತಾನೆ, ಹುಡುಗನನ್ನು ನೋಡಿದ ಗಾಬರಿಗೆ ವಯೊಲೆಟ್ ಕುಡಿಯುತ್ತಿದ್ದ ನೀರು ಮೂಗಿನಿಂದ ಹೊರಗೆ ಬರುತ್ತದೆ. 2018ರಲ್ಲಿ ಇದೇ ಹುಡುಗ ಆ ದೃಶ್ಯಕ್ಕೆ ಸೀಟಿನ ಮೇಲೆ ಹತ್ತಿ ನಿಂತು ನಕ್ಕಿದ್ದ. ಈ ಸಲ ದಿಂಬು ತೆಗೆದು ಮುಖ ಮುಚ್ಚಿಕೊಂಡ. “ಮಾಮ, ಇದನ್ನ ಸ್ವಲ್ಪ ಫಾರ್ವರ್ಡ್ ಮಾಡು, ನನಗೆ ನೋಡಕ್ಕಾಗಲ್ಲ” ಅಂದ.